ಅತ್ತೆಯ ಸೊಂಟದಲ್ಲಿದ್ದ ನೆಟ್

ಟ್ಯಾಬ್ ಕೊಳ್ಳಲು ಹೋದ ದಿನ ನಾನು ಅಂಗಡಿಯಲ್ಲೇ ಹೇಳಿದ್ದೆ, ಸಿಮ್ ಹಾಕುವಂಥದ್ದನ್ನೇ ತೆಗೆದುಕೊಳ್ಳೋಣ ಎಂದು. ಅಂಗಡಿಯವನು ಎರಡು ಟ್ಯಾಬ್‌ಗಳನ್ನು ಪಕ್ಕಪಕ್ಕ ಇಟ್ಟಿದ್ದ. ನೋಡುವುದಕ್ಕೆ ಅವಳಿಜವಳಿ. ಒಂದರ ಪಕ್ಕೆಯಲ್ಲಿ ಸಿಮ್ ತೂರಿಸುವ ಸಣ್ಣ ಕಿಂಡಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಕಿಂಡಿ ಇಲ್ಲದ್ದು ಅಗ್ಗ. "ಮನೇಲಿ ಯಾರ ಫೋನಲ್ಲಾದ್ರೂ ಹಾಟ್‌ಸ್ಪಾಟ್ ಹಾಕಿದ್ರೆ ಇದಕ್ಕೂ ನೆಟ್ ಬರ್ತದೆ ಮೇಡಂ" ಎಂದ. ನನ್ನ ಗಂಡನಿಗೆ ಅಷ್ಟು ಮಾತು ಸಾಕಾಯಿತು. "ಒಂದು ಮನೆಗೆ ಎರಡೆರಡು ನೆಟ್ ಎಂತಕೆ?" ಎಂದು ಕಿಂಡಿ ಇಲ್ಲದ್ದನ್ನೇ ಕಟ್ಟಿಸಿಕೊಂಡರು. ಮನೆಯ ನೆಟ್ ಎಲ್ಲಿದೆ ಎಂಬುದನ್ನು ಮಾತ್ರ ಅವರು ಯೋಚಿಸಲಿಲ್ಲ. ಅದು ನನ್ನ ಅತ್ತೆಯ ಸೊಂಟದಲ್ಲಿತ್ತು.

ನಮ್ಮ ಮನೆ ಇರುವುದು ಅಮ್ಮತ್ತಿಯಿಂದ ನೆಲ್ಯಹುದಿಕೇರಿ ಕಡೆಗೆ ಹೋಗುವಾಗ ಸಿಗುವ ಒಂದು ತಗ್ಗಿನಲ್ಲಿ. ಸುತ್ತ ನಮ್ಮದೇ ಕಾಫಿ ತೋಟ, ಅದರ ಆಚೆ ದೊಡ್ಡ ದೊಡ್ಡ ಎಸ್ಟೇಟ್‌ಗಳು. ಅಲ್ಲಿಗೆ ಹಿಡಿಯುವುದು ಒಂದೇ ಕಂಪನಿಯ ಸಿಗ್ನಲ್. ಗಂಡ ಬೆಳಿಗ್ಗೆ ಕೆಲಸಕ್ಕೆಂದು ವಿರಾಜಪೇಟೆಗೆ ಹೋದರೆ ಅವರ ಫೋನೂ ಅವರ ಜೊತೆಗೇ ಹೋಗುತ್ತಿತ್ತು. ನನ್ನದು ಬಟನ್ ಫೋನು, ಮಾತಾಡುವುದಕ್ಕೆ ಮಾತ್ರ. ಉಳಿದದ್ದು ಅತ್ತೆಯ ದೊಡ್ಡ ಫೋನು. ಅತ್ತೆ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬಟ್ಟೆಯ ಚೀಲದಲ್ಲಿಟ್ಟು, ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು. ಸೀರೆಯ ಮೇಲೆ ಮಾವನ ಹಳೆಯ ಶರ್ಟು, ಕಾಲಿಗೆ ಗಮ್‌ಬೂಟು, ಕೈಯಲ್ಲಿ ಕತ್ತಿ. ಮಾವ ತೀರಿಕೊಂಡ ಮೇಲೆ ತೋಟ ನೋಡಿಕೊಂಡವರು ಅವರೇ. ನಿಂತಲ್ಲಿ ನಿಲ್ಲುವ ಹೆಂಗಸಲ್ಲ.

ನಾನು ಮನೆಯಲ್ಲೇ ಕಾಫಿ ಹುರಿದು ಪುಡಿ ಮಾಡಿ, ಬೇಕೆಂದವರಿಗೆ ಪಾರ್ಸೆಲ್ ಕಳಿಸುತ್ತೇನೆ. ಆರ್ಡರ್ ಬರುವುದು ಟ್ಯಾಬಿಗೆ. ಹಾಗಾಗಿ ನನ್ನ ಕೆಲಸ ಎಂದರೆ ಅತ್ತೆಯ ಹಿಂದೆ ತಿರುಗುವುದು ಎಂದಾಯಿತು. ಅವರು ಕೊಟ್ಟಿಗೆಗೆ ಹೋದರೆ ನಾನು ಟ್ಯಾಬ್ ಹಿಡಿದು ಕೊಟ್ಟಿಗೆಯ ಬಾಗಿಲಿಗೆ. ಅವರು ಕಣದಲ್ಲಿ ಕಾಫಿ ಕೈಯಾಡಿಸುತ್ತಿದ್ದರೆ ನಾನು ಕಣದ ಕಟ್ಟೆಯ ಮೇಲೆ. ತೋಟದ ಆಳುಗಳ ಲೈನ್‌ಮನೆಗಳಲ್ಲಿದ್ದ ಹೆಂಗಸರು ಹಣ್ಣು ಕೀಳುವ ಪಿಕ್ಕಿಂಗಿಗೆ ಹೊರಟವರು ನಿಂತು ನೋಡಿ ನಗುತ್ತಿದ್ದರು. ಅತ್ತೆಗೆ ಇದರಲ್ಲಿ ಬಹಳ ಸುಖವಿತ್ತು. "ನೆಟ್ ಬೇಕಾರೆ ನನ್ನೊಟ್ಟಿಗೆ ಬಾ" ಎಂದು ಬೇಕೆಂದೇ ಹಂದಿಗೂಡಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಸಿಮ್ ಇರುವ ಟ್ಯಾಬ್ ಬಂದಾಗ ಬರುತ್ತದೆ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಜಗಳವೂ ಆಗುತ್ತಿತ್ತು. ಹಾಟ್‌ಸ್ಪಾಟ್ ಹಾಕಿದರೆ ಫೋನು ಬಿಸಿಯಾಗುತ್ತದೆ, ಚಾರ್ಜು ಮಧ್ಯಾಹ್ನದೊಳಗೆ ಇಳಿದುಹೋಗುತ್ತದೆ. "ಸೊಂಟಕ್ಕೆ ಕೆಂಡ ಕಟ್ಟಿಕಂಡ ಹಂಗೆ ಆಗ್ತುಟ್ಟು" ಎಂದು ಅವರು ತಮ್ಮ ಅರೆಭಾಷೆಯಲ್ಲಿ ಗೊಣಗುವರು. ನಾನು ಮಾತಿಗೆ ಮಾತು ಕೊಟ್ಟರೆ ಉತ್ತರ ಬಾಯಿಂದ ಬರುತ್ತಿರಲಿಲ್ಲ. ಚೀಲದಿಂದ ಫೋನು ತೆಗೆದು, ಪರದೆಯನ್ನು ಮೇಲಿನಿಂದ ಕೆಳಗೆ ಎಳೆದು, ಹಾಟ್‌ಸ್ಪಾಟಿನ ಗುಂಡಿ ಒತ್ತಿಬಿಡುತ್ತಿದ್ದರು. ನನ್ನ ಟ್ಯಾಬ್ ಕೈಯಲ್ಲೇ ಸತ್ತುಹೋಗುತ್ತಿತ್ತು. ಫೋನಿನಲ್ಲಿ ಅವರು ಕಲಿತದ್ದು ಕಡಿಮೆ. ಸೈಲೆಂಟ್ ಮಾಡುವುದು ಕೊನೆಗೂ ಬರಲಿಲ್ಲ. ಆದರೆ ಈ ಒಂದು ಗುಂಡಿಯನ್ನು ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದರು.

ಹೀಗೆ ತಿರುಗಿ ತಿರುಗಿ ನನಗೆ ಒಂದು ಲೆಕ್ಕ ಸಿಕ್ಕಿತು. ಟ್ಯಾಬಿನ ಮೇಲಿನ ಮೂಲೆಯಲ್ಲಿ ಬೀಸಣಿಗೆಯಂಥ ಗುರುತು ಇರುತ್ತದಲ್ಲ, ಅದು ಪೂರ್ತಿ ತುಂಬಿದ್ದರೆ ಅತ್ತೆ ಮನೆಯೊಳಗೆ ಅಥವಾ ಅಂಗಳದಲ್ಲಿ ಇದ್ದಾರೆ. ಒಂದೇ ಗೆರೆ ಉಳಿದರೆ ಕಣದ ಅಂಚಿನಲ್ಲೋ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡಿನ ಹಿಂದೆಯೋ ಇದ್ದಾರೆ. ಗುರುತು ಹೋದರೆ ತೋಟದೊಳಕ್ಕೆ ಇಳಿದಿದ್ದಾರೆ, ದೂರ ಇದ್ದಾರೆ. ಕೂಗಿ ಕೇಳಬೇಕಾದ ಅಗತ್ಯವೇ ಇರಲಿಲ್ಲ. ಅಡುಗೆಮನೆಯಲ್ಲಿ ಟ್ಯಾಬ್ ಒಮ್ಮೆ ನೋಡಿ, ಬಂದರು ಎಂದು ಗೊತ್ತುಮಾಡಿಕೊಂಡು ಅಕ್ಕಿರೊಟ್ಟಿ ಕಾವಲಿಗೆ ಹಾಕುತ್ತಿದ್ದೆ. ಅತ್ತೆಯೂ ಬುದ್ಧಿವಂತೆ. ಅವರ ಫೋನಿನಲ್ಲೂ ಎಷ್ಟು ಜನ ನೆಟ್ ಹಿಡಿದಿದ್ದಾರೆ ಎಂದು ತೋರಿಸುತ್ತಿತ್ತು. "ಒಂದ್ ಅಂತ ಉಟ್ಟು. ನೀ ಇಲ್ಲೇ ಹತ್ತಿರ ಒಳ ಅಂತ ನಂಗೂ ಗೊತ್ತುಟ್ಟು" ಎಂದು ಒಂದು ದಿನ ನಕ್ಕರು. ಒಂದು ಎಂದು ಕಂಡರೆ ನಾನು ಹತ್ತಿರವೇ ಇದ್ದೇನೆ ಎಂದು ಅವರ ಲೆಕ್ಕ. ಬಾಯಿಬಿಟ್ಟು ಎಲ್ಲಿದ್ದೀರಿ ಎಂದು ಕೇಳದ ಅತ್ತೆ ಸೊಸೆ ಹೀಗೆ ಒಬ್ಬರನ್ನೊಬ್ಬರು ಕಾಯುತ್ತಿದ್ದೆವು. ಅದಕ್ಕೆ ಪ್ರೀತಿ ಎಂದು ಹೆಸರಿಡುವ ಯೋಚನೆ ಆಗ ಇಬ್ಬರಿಗೂ ಬಂದಿರಲಿಲ್ಲ.

ಕಾಯುವುದಕ್ಕೆ ಕಾರಣ ಇತ್ತು. ನಮ್ಮ ಕಡೆ ಆನೆ ಕಾಡಿನಲ್ಲಿ ಇರುವುದಿಲ್ಲ, ತೋಟದಲ್ಲೇ ಇರುತ್ತದೆ. ಹಗಲು ಕಾಫಿ ಗಿಡಗಳ ನಡುವೆ ನಿಂತುಕೊಂಡೇ ಇರುತ್ತದೆ, ಕಾಣುವುದಿಲ್ಲ. ಅಷ್ಟು ದೊಡ್ಡ ಪ್ರಾಣಿ ಹೇಗೆ ಕಾಣುವುದಿಲ್ಲ ಎಂದು ಹೊರಗಿನವರು ಕೇಳುತ್ತಾರೆ. ನಾನು ಶನಿವಾರಸಂತೆ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಹಾಗೇ ಕೇಳಿದ್ದೆ. ಮಂಜು ಕವಿದ ಬೆಳಿಗ್ಗೆ, ಆಳೆತ್ತರ ಬೆಳೆದ ರೋಬಸ್ಟಾ ಗಿಡಗಳ ನಡುವೆ, ಕಲ್ಲಿನ ಬಣ್ಣದ್ದು ಕಲ್ಲಿನ ಹಾಗೆ ನಿಂತರೆ ಯಾರಿಗೂ ಕಾಣುವುದಿಲ್ಲ. ಅತ್ತೆ ಅದರ ಹೆಸರನ್ನೇ ಹೇಳುತ್ತಿರಲಿಲ್ಲ. "ಅವು" ಎನ್ನುತ್ತಿದ್ದರು. ಅವು ಬಂದಿವೆ, ಅವು ಹೋದವು, ಅಷ್ಟೇ.

ಸುತ್ತಲಿನ ಎಸ್ಟೇಟ್‌ಗಳ ವಾಚರ್‌ಗಳೆಲ್ಲ ಸೇರಿ ಮೊಬೈಲಿನಲ್ಲಿ ಒಂದು ಆನೆ ಗ್ರೂಪ್ ಮಾಡಿಕೊಂಡಿದ್ದಾರೆ. ಎಲ್ಲಿ ಕಂಡಿತು, ಎಷ್ಟು ಇವೆ, ಯಾವ ಕಡೆಗೆ ನಡೆಯುತ್ತಿವೆ ಎಂದು ಮಾತಾಡಿ ಕಳಿಸುತ್ತಾರೆ. ಕನ್ನಡ, ಮಲಯಾಳ, ಕೊಡವ, ತಮಿಳು, ಎಲ್ಲ ಕಲೆಸಿದ ಮಾತು. ಗಂಡ ಆ ಗ್ರೂಪನ್ನು ನನ್ನ ಟ್ಯಾಬಿಗೂ ಹಾಕಿಕೊಟ್ಟಿದ್ದರು. ಆದರೆ ಅತ್ತೆ ತೋಟಕ್ಕೆ ಇಳಿದ ಕೂಡಲೇ ನೆಟ್ಟೂ ಇಳಿದುಹೋಗುತ್ತಿತ್ತು. ಅತ್ತೆ ಮನೆಯಲ್ಲಿದ್ದಾಗ ಆನೆ ಎಲ್ಲಿದೆ ಎಂದು ನನಗೆ ಗೊತ್ತಿರುತ್ತಿತ್ತು. ಅವರು ತೋಟದಲ್ಲಿದ್ದಾಗ, ಬೇಕಾದ ಹೊತ್ತಿನಲ್ಲೇ, ಗೊತ್ತಿರುತ್ತಿರಲಿಲ್ಲ. ಇದನ್ನು ಗಂಡನಿಗೆ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು. ಈ ಸಲದ ಕಾಫಿ ಮಾರಿಹೋಗಲಿ, ಸಿಮ್ ಇರುವುದನ್ನು ನೋಡೋಣ ಎನ್ನುತ್ತಿದ್ದರು.

ಇನ್ನೊಂದು ಕಟ್ಟಳೆ ಇತ್ತು. ತೋಟಕ್ಕೆ ಹೋದವರಿಗೆ ಮನೆಯಿಂದ ಫೋನ್ ಮಾಡಬಾರದು. ಪಕ್ಕದ ಎಸ್ಟೇಟಿನ ಲೈನಿನಲ್ಲಿದ್ದ ಒಬ್ಬಳು ಹೆಂಗಸು ಆನೆ ಕಂಡು ಕಾಫಿ ಗಿಡದ ಬುಡದಲ್ಲಿ ಉಸಿರು ಹಿಡಿದು ಕುಳಿತಿದ್ದಾಗ ಅವಳ ಫೋನು ಹಾಡತೊಡಗಿತಂತೆ. ಊಟಕ್ಕೆ ಬರಲಿಲ್ಲ ಎಂದು ಅವಳ ಅಕ್ಕ ಮಾಡಿದ ಫೋನು. ಆ ಅಕ್ಕನನ್ನು ನಾನು ಸಂತೆಯಲ್ಲಿ ನೋಡುತ್ತೇನೆ. ಯಾರ ಫೋನು ರಿಂಗ್ ಆದರೂ ಬೆಚ್ಚುತ್ತಾಳೆ. ಅಂದಿನಿಂದ ನಮ್ಮ ಸುತ್ತಿನ ಮನೆಗಳಲ್ಲಿ ಯಾರೂ ತೋಟದಲ್ಲಿರುವವರಿಗೆ ಫೋನ್ ಮಾಡುವುದಿಲ್ಲ. ಅವರಾಗಿ ಮಾಡಿದರೆ ಸರಿ, ಇಲ್ಲದಿದ್ದರೆ ಬರುವ ತನಕ ಕಾಯಬೇಕು. ಹಾಗಾಗಿ ಆ ಬೀಸಣಿಗೆಯ ಗುರುತು ನನಗೆ ದೊಡ್ಡದಾಗಿತ್ತು. ಸದ್ದಿಲ್ಲದೆ ಅತ್ತೆಯ ಸುದ್ದಿ ಹೇಳುತ್ತಿದ್ದುದು ಅದೊಂದೇ.

ಆ ದಿನ ಸಂತೆ. ಲೈನಿನವರೆಲ್ಲ ಬೆಳಿಗ್ಗೆಯೇ ಅಮ್ಮತ್ತಿಗೆ ಹೋಗಿದ್ದರು. ಗಂಡ ಕೆಲಸಕ್ಕೆ ಹೋಗಿದ್ದರು. ಮಂಜು ಏಳುವ ಮನಸ್ಸು ಮಾಡಿರಲಿಲ್ಲ. ಕಣದ ಈ ತುದಿಯಿಂದ ಆ ತುದಿ ಮಸುಕು. ಗ್ರೂಪಿನಲ್ಲಿ ಬೆಳಗಿನ ಮಾತು ಬಂದಿತ್ತು, ಎಲ್ಲವೂ ಪಾಲಿಬೆಟ್ಟ ಕಡೆಗೆ ದಾಟಿವೆ ಎಂದು. ಅತ್ತೆ ಅದನ್ನು ಜೋರಾಗಿ ಹಾಕಿ ಎರಡು ಸಲ ಕೇಳಿಸಿಕೊಂಡರು.

"ಕೆರೆ ಹತ್ರ ಪೈಪ್ ಒಮ್ಮೆ ನೋಡಿಕಂಡ್ ಬನ್ನೆ" ಎಂದು ಗಮ್‌ಬೂಟು ಹಾಕಿಕೊಂಡರು.

"ಮಂಜು ಏಳಲಿ ಅತ್ತೆ, ಆಮೇಲೆ ಹೋಗಿ" ಎಂದೆ.

"ನಿಂಗೆ ಆರ್ಡರ್ ನೋಡಿಕ್ಕೆ ನೆಟ್ ಬೇಕು, ಅದ್ಕೆ ಹೇಳ್ತೊಳ" ಎಂದು ನಗುತ್ತಾ ಹೊರಟರು. ಅದು ಸುಳ್ಳು. ನನಗೆ ಆ ಮಂಜು ಹಿಡಿಸಿರಲಿಲ್ಲ, ಅಷ್ಟೇ. ಆದರೆ ಹಾಗೆ ಹೇಳಿದರೆ ಅವರು ಕೇಳುವವರಲ್ಲ, ಆಡಿಕೊಳ್ಳುವವರು.

ಪಲ್ಪರ್ ಶೆಡ್ಡಿನ ಪಕ್ಕದ ಮೆಟ್ಟಿಲಿಳಿದು ಹೋದರು. ಟ್ಯಾಬ್ ಕಣದ ಕಟ್ಟೆಯ ಮೇಲಿತ್ತು. ಬೀಸಣಿಗೆ ಎರಡು ಗೆರೆಗೆ, ಒಂದು ಗೆರೆಗೆ ಇಳಿದು ಮಾಯವಾಯಿತು. ನಾನು ಕಾಫಿ ಕೈಯಾಡಿಸತೊಡಗಿದೆ. ಒಣಗುತ್ತಿದ್ದ ಕಾಯಿ ಕೋಲಿಗೆ ಸಿಕ್ಕಿ ಗಲಗಲ ಎನ್ನುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹಕ್ಕಿಗಳೂ ಕೂಗುತ್ತಿಲ್ಲವಲ್ಲ ಎಂದು ಅನ್ನಿಸಿದ್ದು ಸ್ವಲ್ಪ ಹೊತ್ತಾದ ಮೇಲೆ. ಸಾಮಾನ್ಯವಾಗಿ ಅತ್ತೆಯ ಹಿಂದೆಯೇ ಓಡುವ ನಾಯಿ ಆ ದಿನ ಹೋಗಿರಲಿಲ್ಲ. ಜಗುಲಿಯ ಬೆಂಚಿನಡಿ ಮುದುರಿಕೊಂಡಿತ್ತು. ಕರೆದರೆ ಬಾಲ ಕೂಡ ಅಲ್ಲಾಡಿಸಲಿಲ್ಲ.

ಆಗ ಟ್ಯಾಬ್ ಟಿಂಗ್ ಎಂದಿತು. ಮತ್ತೆ ಟಿಂಗ್, ಮತ್ತೆ ಟಿಂಗ್. ನೆಟ್ ಬಂದಿತ್ತು, ಅತ್ತೆ ವಾಪಸಾದರು ಎಂದು ಜೀವ ತಂಪಾಯಿತು. ತಡೆದು ನಿಂತಿದ್ದ ಮೆಸೇಜುಗಳೆಲ್ಲ ಒಟ್ಟಿಗೆ ಬೀಳುತ್ತಿದ್ದವು. ಗ್ರೂಪಿನ ಕೊನೆಯ ಮಾತನ್ನು ಒತ್ತಿದೆ. ಒಬ್ಬ ವಾಚರ್ ಏದುಸಿರು ಬಿಡುತ್ತಾ ಹೇಳುತ್ತಿದ್ದ: "ತಿರಿಚ್ಚು ಬಂತು, ತಿರಿಚ್ಚು ಬಂತು. ತಳ್ಳಯುಂ ಕುಟ್ಟಿಯುಂ. ಕೆರೆ ಸೈಡ್ ಯಾರೂ ಹೋಗ್ಬೇಡಿ." ಪಾಲಿಬೆಟ್ಟಕ್ಕೆ ಹೋದ ಗುಂಪಿನಿಂದ ತಾಯಿ ಮತ್ತು ಮರಿ ಹಿಂದಕ್ಕೆ ಬಂದಿದ್ದವು, ನಮ್ಮ ಕೆರೆಯ ಕಡೆಗೆ. ಮರಿ ಜೊತೆಗಿರುವ ತಾಯಿಯಷ್ಟು ಕೆಟ್ಟದ್ದು ಬೇರೆ ಇಲ್ಲ.

ಇದೇ ಮಾತು ಅತ್ತೆಯ ಫೋನಿಗೂ ಬಂದಿರಬೇಕು, ಅದಕ್ಕೇ ಮನೆಗೆ ಹೊರಟಿದ್ದಾರೆ ಎಂದುಕೊಂಡೆ. ಮೆಟ್ಟಿಲಿನ ಕಡೆ ನೋಡುತ್ತಾ ನಿಂತೆ. ಯಾರೂ ಬರಲಿಲ್ಲ. ಬೀಸಣಿಗೆಯಲ್ಲಿ ಒಂದು ಗೆರೆ ಇತ್ತು. ಅಂದರೆ ಶೆಡ್ಡಿನ ಹಿಂದೆ, ಮೆಟ್ಟಿಲಿನ ಕೆಳಗೆ ಎಲ್ಲೋ ಇದ್ದಾರೆ. ಹತ್ತಿ ಬರುವುದಕ್ಕೆ ಎಷ್ಟು ಹೊತ್ತು ಬೇಕು? ಗೆರೆ ಹೋಯಿತು, ಮತ್ತೆ ಬಂತು. ಹೆಚ್ಚಾಗಲೇ ಇಲ್ಲ. ಅತ್ತೆ ನಡೆಯುತ್ತಿಲ್ಲ, ಒಂದೇ ಕಡೆ ಇದ್ದಾರೆ ಎಂದು ಆಗ ಹೊಳೆಯಿತು. ಆ ಹೆಂಗಸು ಯಾವತ್ತು ಒಂದೇ ಕಡೆ ನಿಂತದ್ದಿದೆ?

ಕೂಗುವುದಕ್ಕೆ ಬಾಯಿ ತೆರೆದವಳು ಮುಚ್ಚಿಕೊಂಡೆ. ಬಟನ್ ಫೋನು ಸೆರಗಿನ ಗಂಟಿನಲ್ಲಿತ್ತು, ಮುಟ್ಟಲಿಲ್ಲ. ಟ್ಯಾಬಿನ ಸದ್ದನ್ನು ಪೂರ್ತಿ ಇಳಿಸಿ, ಎದೆಗೆ ಹಿಡಿದುಕೊಂಡು ಶೆಡ್ಡಿನ ಕಡೆಗೆ ಹೆಜ್ಜೆ ಹಾಕಿದೆ. ಗೆರೆ ಎರಡಾಯಿತು. ಮೊದಲ ಮೆಟ್ಟಿಲು ಇಳಿದೆ. ಮಂಜಿನಲ್ಲಿ ಕಾಫಿ ಗಿಡಗಳ ಮೇಲ್ಭಾಗ ಮಾತ್ರ ಕಾಣುತ್ತಿತ್ತು. ಮೆಟ್ಟಿಲಿನ ಪಕ್ಕದಲ್ಲೇ ಪಲ್ಪರ್ ನೀರು ಹರಿಯುವ ಚರಂಡಿ ಕೆಳಕ್ಕೆ ಹೋಗುತ್ತದೆ. ಆ ಕಡೆಯಿಂದ ವಾಸನೆ ಬಂತು. ಕಾಫಿ ಸಿಪ್ಪೆಯ ಹುಳಿ ವಾಸನೆಯಲ್ಲ, ಲಾಯದಂಥ, ಒದ್ದೆ ಹುಲ್ಲಿನಂಥ ವಾಸನೆ. ಎಲೆಗಳು ಗಾಳಿಯಿಲ್ಲದೆ ಅಲ್ಲಾಡಿದವು, ಸ್ವಲ್ಪ ಹೊತ್ತು, ಮತ್ತೆ ನಿಂತವು. ಅಲ್ಲಿಗೇ ಹೋಗಬೇಕು ಎಂದು ಟ್ಯಾಬ್ ಹೇಳುತ್ತಿತ್ತು. ಇನ್ನೊಂದು ಮೆಟ್ಟಿಲು ಇಳಿದೆ. ಬೀಸಣಿಗೆ ತುಂಬಿತು.

ತುಂಬಿದ ಬೀಸಣಿಗೆ ಎಂದರೆ ಅತ್ತೆ ನನ್ನ ಪಕ್ಕದಲ್ಲೇ ಇದ್ದಾರೆ ಎಂದು ಲೆಕ್ಕ. ಆದರೆ ನನ್ನ ಮುಂದೆ ಮಂಜು, ಕಾಫಿ ಗಿಡ, ಆ ವಾಸನೆ. ಇನ್ನೊಂದು ಹೆಜ್ಜೆಗೆ ಕಾಲೆತ್ತಿದ್ದೆ.

ಆಗ ನೆಟ್ ಹೋಯಿತು. ಮೂರು ಗೆರೆ ಎರಡಾಗಿ, ಒಂದಾಗಿ ಹೋಗಲಿಲ್ಲ. ಒಮ್ಮೆಲೇ ಹೋಯಿತು.

ಅಲ್ಲೇ ನಿಂತೆ. ಕಾದೆ. ಬರಲಿಲ್ಲ. ಗುರುತು ಹೋದರೆ ಅತ್ತೆ ದೂರ ಇದ್ದಾರೆ ಎಂದು ಅಷ್ಟು ದಿನಗಳಿಂದ ಕಲಿತ ಲೆಕ್ಕವೇ ನನ್ನ ತಲೆಯೊಳಗೆ ಮಾತಾಡಿತು. ಆನೆಗಳನ್ನು ಕಂಡು ಕೆಳಗಿನ ದಾರಿಯಲ್ಲಿ ಓಡಿದ್ದಾರೆ, ಕೆರೆಯ ಆಚೆಯ ರಸ್ತೆಗೆ ಹೋಗಿ ಸೇರುತ್ತಾರೆ, ಯಾರದಾದರೂ ಜೀಪಿನಲ್ಲಿ ಬೈದುಕೊಂಡು ಮನೆಗೆ ಬರುತ್ತಾರೆ. ಹೀಗೆ ಅಂದುಕೊಂಡಾಗ ನನಗೆ ಸಮಾಧಾನವೇ ಆಯಿತು. ಹಿಂದೆ ಹಿಂದೆ ಹೆಜ್ಜೆಯಿಟ್ಟು ಮೆಟ್ಟಿಲು ಹತ್ತಿದೆ, ಕಣ ದಾಟಿದೆ, ಜಗುಲಿಗೆ ಬಂದು ಬಾಗಿಲು ಹಿಡಿದು ನಿಂತೆ.

ಆನೆ ಕೂಗಿದ್ದು ಆಮೇಲೆ. ಒಂದೇ ಸಲ. ಗಿಡಗಳು ಮುರಿಯುವ ಸದ್ದು ಕೇಳಿಸಿತು, ಬಹಳ ಹೊತ್ತಲ್ಲ. ಮನುಷ್ಯರ ದನಿ ಕೇಳಿಸಲೇ ಇಲ್ಲ. ಬೆಂಚಿನಡಿಯ ನಾಯಿ ಮನೆಯೊಳಕ್ಕೆ ನುಗ್ಗಿತು.

ಗಂಡನಿಗೆ ಫೋನ್ ಮಾಡಿದೆ. ಅವರು ದಾರಿಯಲ್ಲೇ ಎಲ್ಲರಿಗೂ ತಿಳಿಸಿ, ವಾಚರ್‌ಗಳನ್ನು ಕೂಡಿಸಿಕೊಂಡು ಬಂದರು. ಪಟಾಕಿ ಸಿಡಿಸಿ ತಾಯಿ ಮರಿಯನ್ನು ಆಚೆಯ ಎಸ್ಟೇಟಿಗೆ ಅಟ್ಟಿದ ಮೇಲೆ ಜನ ಕೆಳಕ್ಕೆ ಇಳಿದರು. ಅತ್ತೆ ಕೆರೆಯ ಕಡೆ ಓಡಿರಬೇಕು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಆನೆಗಳು ಹೋದವಲ್ಲ, ಈಗ ಫೋನ್ ಮಾಡಬಹುದು ಎಂದು ಗಂಡ ಅವರ ನಂಬರು ಒತ್ತಿದರು. ಫೋನು ರಿಂಗ್ ಆಯಿತು. ಕೆರೆಯ ಕಡೆಯಿಂದಲ್ಲ, ಮೆಟ್ಟಿಲಿನ ಪಕ್ಕದ ಚರಂಡಿಯಿಂದ. ನಾನು ಕಾಲೆತ್ತಿ ನಿಂತಿದ್ದ ಜಾಗದಿಂದ ನಾಲ್ಕೇ ಹೆಜ್ಜೆ ಕೆಳಗೆ.

ಅಲ್ಲಿ ಕಂಡದ್ದನ್ನು ನಾನು ಬರೆಯುವುದಿಲ್ಲ.

ಸಂಜೆ ಮನೆಯ ತುಂಬ ಜನ. ಒಬ್ಬರು ಬೈಯುತ್ತಿದ್ದರು, ಒಬ್ಬರು ಅಳುತ್ತಿದ್ದರು. ಗಂಡ ಆ ಫೋನನ್ನು ನನ್ನ ಕೈಗೆ ಕೊಟ್ಟು ಒಳಗಿಡು ಎಂದರು. ಕವರಿಗೆ ಮಣ್ಣು ಮೆತ್ತಿತ್ತು, ಒಳಗೆ ಏನೂ ಆಗಿರಲಿಲ್ಲ. ಅರ್ಧದಷ್ಟು ಚಾರ್ಜೂ ಇತ್ತು. ನನ್ನ ಬೆರಳು ತಾನಾಗಿಯೇ ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆಯಿತು. ನೆಟ್ ಆನ್ ಇತ್ತು, ರಿಂಗಿನ ಸದ್ದು ಪೂರ್ತಿ ಏರಿಸಿಯೇ ಇತ್ತು. ಹಾಟ್‌ಸ್ಪಾಟ್ ಮಾತ್ರ ಆಫ್ ಆಗಿತ್ತು.

ಗಂಡನನ್ನು ಅಡುಗೆಮನೆಗೆ ಕರೆದು ಕೇಳಿದೆ, ನೀವು ಆಫ್ ಮಾಡಿದಿರಾ ಎಂದು. ಇಲ್ಲ ಎಂದರು. ತಾನಾಗಿ ಆಫ್ ಆಗುತ್ತದಾ ಎಂದೆ. "ಇಲ್ಲೆ. ತಾನಾಗಿ ಆಫ್ ಆಗದ ಹಂಗೆ ನಾನೇ ಮಾಡಿಕೊಟ್ಟಿದ್ದೆ" ಎಂದವರು ನನ್ನ ಮುಖ ನೋಡಿದರು. ಅವರಿಗೂ ಅರ್ಥವಾಯಿತು.

ಅತ್ತೆ ಆ ಚರಂಡಿಯಲ್ಲಿ ಮುದುರಿ ಕುಳಿತಿದ್ದಾಗ ಫೋನು ತೆಗೆದು ನೋಡಿದ್ದಾರೆ. ಅದರಲ್ಲಿ ಒಂದು ಎಂದು ತೋರಿಸಿದೆ. ನಾನು ಹತ್ತಿರ ಬರುತ್ತಿದ್ದೇನೆ ಎಂದು ಅವರಿಗೆ ಗೊತ್ತಾಗಿದೆ. ನೆಟ್ ಇರುವ ತನಕ ಸೊಸೆ ಹಿಂದೆಯೇ ಬರುತ್ತಾಳೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕೂಗಿ ಎಚ್ಚರಿಸುವಂತಿಲ್ಲ. ತನ್ನ ಜೀವಕ್ಕೆ ಹೆದರಿದ್ದರೆ ರಿಂಗ್ ಆಗದ ಹಾಗೆ ಫೋನನ್ನೇ ಆಫ್ ಮಾಡುತ್ತಿದ್ದರು. ಹಾಗೆ ಮಾಡಲಿಲ್ಲ. ಅಷ್ಟು ಹತ್ತಿರ ಆ ತಾಯಿ ನಿಂತಿರುವಾಗ ಕೈ ಅಲ್ಲಾಡಿಸಿ ಆ ಒಂದು ಗುಂಡಿಯನ್ನು ಮಾತ್ರ ಒತ್ತಿದ್ದಾರೆ. ಕೈ ಅಲ್ಲಾಡಿದ್ದನ್ನೇ ಅದು ಕಂಡಿತೋ ಏನೋ. ಇದನ್ನು ಯೋಚಿಸಬಾರದು ಎಂದು ಗಂಡ ಹೇಳುತ್ತಾರೆ. ನಾನು ದಿನಾ ಯೋಚಿಸುತ್ತೇನೆ.

ತಿಥಿ ಕಳೆದ ಮೇಲೆ ಗಂಡ ಯಾರನ್ನೂ ಕೇಳದೆ ಹೋಗಿ ಸಿಮ್ ಹಾಕುವ ಟ್ಯಾಬ್ ತಂದರು. ತುಂಬಾ ಒಳ್ಳೆಯದು. ಮನೆಯ ಒಳಗೆ, ಕೊಟ್ಟಿಗೆಯಲ್ಲಿ, ಕಣದಲ್ಲಿ, ನಾನು ಒಬ್ಬಳೇ ಎಲ್ಲಿ ಕುಳಿತರೂ ನೆಟ್ ಇರುತ್ತದೆ. ಆನೆ ಗ್ರೂಪಿನ ಮಾತು ಬಂದ ಗಳಿಗೆಯಲ್ಲೇ ಕೇಳಿಸುತ್ತದೆ. ಯಾರ ಹಿಂದೆಯೂ ತಿರುಗಬೇಕಾಗಿಲ್ಲ. ಆರ್ಡರ್‌ಗಳೂ ಹೆಚ್ಚಿವೆ.

ಈಗ ತೋಟಕ್ಕೆ ಇಳಿಯುವವರು ಗಂಡ. ರಜೆಯ ದಿನ ಬೆಳಿಗ್ಗೆ ಕತ್ತಿ ಹಿಡಿದು ಅದೇ ಮೆಟ್ಟಿಲಿಳಿದು ಹೋಗುತ್ತಾರೆ. ಇವತ್ತೂ ಹೋಗಿದ್ದಾರೆ. ನಾನು ಜಗುಲಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಮುಂಚೆ ಗ್ರೂಪಿನಲ್ಲಿ ಒಂದು ಮಾತು ಬಂತು: ಒಂಟಿ ಸಲಗ, ನಮ್ಮ ಬೇಲಿ ದಾಟಿದೆ. ಫೋನ್ ಮಾಡುವಂತಿಲ್ಲ. ಅಭ್ಯಾಸಬಲದಿಂದ ಟ್ಯಾಬಿನ ಮೂಲೆ ನೋಡುತ್ತೇನೆ. ಗೆರೆಗಳೆಲ್ಲ ತುಂಬಿವೆ. ಅವರು ಹತ್ತಿರ ಇದ್ದರೂ ಅಷ್ಟೇ, ದೂರ ಇದ್ದರೂ ಅಷ್ಟೇ, ಇಲ್ಲದೇ ಹೋದರೂ ಅಷ್ಟೇ ತುಂಬಿರುತ್ತವೆ.